ಇಂಗ್ಲಿಷ್ ಕಾದಂಬರಿಯ ಹೆಣ್ಣುಮಕ್ಕಳ ಜಮಾಖರ್ಚು

ಜೇನ್ ಆಸ್ಟಿನ್ ಅವರ ಕಾದಂಬರಿಯೊಳಗೆ ಹೊಸಬರು ಯಾರಾದರೂ ಕಾಲಿಟ್ಟರೆ ಅವರ ಮುಖಚಹರೆ ನಮಗೆ ತಿಳಿಯದೆ ಹೋಗಬಹುದು, ಆದರೆ ಅವರ ವರ್ಷದ ವರಮಾನ ತಿಳಿಯದೆ ಇರುವುದಿಲ್ಲ. 1813ರಲ್ಲಿ ಪ್ರಕಟವಾದ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಬಿಂಗ್ಲಿಗೆ ವರ್ಷಕ್ಕೆ ನಾಲ್ಕೈದು ಸಾವಿರ ಪೌಂಡ್ ಹುಟ್ಟುವಳಿ. ಡಾರ್ಸಿಗೆ 10,000 ಪೌಂಡ್ ಎಂಬ ಸುದ್ದಿಯಂತೂ ಅವನು ನೃತ್ಯಕೂಟದ ಹಜಾರಕ್ಕೆ ಬಂದ ಐದೇ ನಿಮಿಷದಲ್ಲಿ ಎಲ್ಲರ ಕಿವಿಗೂ ಬಿದ್ದಿರುತ್ತದೆ. ನಮ್ಮ ಪದವಿ ತರಗತಿಗಳಲ್ಲಿ ಈ ಕಾದಂಬರಿಗಳನ್ನು ಪ್ರೇಮಕಥೆಗಳೆಂದೋ ಪಾತ್ರಚಿತ್ರಣದ ಮಾದರಿಗಳೆಂದೋ ಪಾಠ ಮಾಡುವುದು ರೂಢಿ. ಅಂಕಿಗಳನ್ನು ಲೇಖಕಿಯ ಹಾಸ್ಯಪ್ರಜ್ಞೆಯ ಖಾತೆಗೆ ಹಾಕಿ ಮುಂದೆ ಸಾಗುತ್ತೇವೆ. ನನಗೆ ಮಾತ್ರ ಆ ಅಂಕಿಗಳೇ ಕಥೆಯ ತಿರುಳಾಗಿ ಕಾಣುತ್ತವೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಯಲ್ಲಿ ಸಮಾಜದೊಳಗೆ ಹೆಣ್ಣಿನ ಸ್ಥಾನವೆಂದರೆ ಅವಳ ಹೆಸರಿನಲ್ಲಿ ಎಷ್ಟು ಹಣವಿದೆ, ಅದು ಎಷ್ಟು ದಿನ ಅವಳ ಹೆಸರಿನಲ್ಲಿ ಉಳಿಯುತ್ತದೆ ಎಂಬುದೇ ಹೊರತು ಬೇರೇನೂ ಅಲ್ಲ.

ಎಷ್ಟು ದಿನ ಎಂಬ ಪ್ರಶ್ನೆಗೆ ಕಾನೂನು ಖಚಿತವಾದ ಉತ್ತರವನ್ನೇ ಕೊಟ್ಟಿತ್ತು. ವಿಲಿಯಂ ಬ್ಲ್ಯಾಕ್‌ಸ್ಟನ್ 1765ರಿಂದ ಪ್ರಕಟಿಸಿದ ಇಂಗ್ಲಿಷ್ ಕಾನೂನಿನ ವ್ಯಾಖ್ಯಾನದಲ್ಲಿ ಗಂಡ ಹೆಂಡತಿ ಇಬ್ಬರೂ ಕಾನೂನಿನ ಕಣ್ಣಿಗೆ ಒಬ್ಬನೇ ವ್ಯಕ್ತಿ ಎಂದು ಹೇಳಲಾಗಿದೆ. ಆ ಒಬ್ಬ ವ್ಯಕ್ತಿ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯಾದ ಕೂಡಲೇ ಹೆಣ್ಣಿನ ಕೈಯಲ್ಲಿದ್ದ ನಗದು, ಒಡವೆ, ಪೀಠೋಪಕರಣ, ಮುಂದೆ ಅವಳು ದುಡಿದು ತರುವ ಸಂಬಳ ಎಲ್ಲವೂ ಗಂಡನದಾಗುತ್ತಿದ್ದವು. ಅನುಕೂಲಸ್ಥ ತಂದೆಯರು ಮದುವೆಗೆ ಮೊದಲೇ ಒಡಂಬಡಿಕೆ ಬರೆಸಿ, ಮಗಳ ಪಾಲನ್ನು ಧರ್ಮದರ್ಶಿಗಳ ಕೈಗೆ ಒಪ್ಪಿಸಿ ಒಂದಷ್ಟನ್ನು ಕಾಪಾಡುತ್ತಿದ್ದರು. ವಕೀಲರಿಗೆ ತೆರಲು ಹಣವಿಲ್ಲದವರಿಗೆ ಆ ದಾರಿಯೂ ಇರಲಿಲ್ಲ. ಹೆಂಡತಿ ತಾನು ದುಡಿದದ್ದನ್ನು ತಾನೇ ಇಟ್ಟುಕೊಳ್ಳಬಹುದೆಂಬ ಶಾಸನ ಬಂದದ್ದು 1870ರಲ್ಲಿ, ಎಲ್ಲ ಬಗೆಯ ಆಸ್ತಿಯನ್ನೂ ಪ್ರತ್ಯೇಕವಾಗಿ ಹೊಂದಬಹುದೆಂಬ ಶಾಸನ ಬಂದದ್ದು 1882ರಲ್ಲಿ. ನಾವು ಇಂದಿಗೂ ಓದುವ ಹಳೆಯ ಕಾದಂಬರಿಗಳಲ್ಲಿ ಹೆಚ್ಚಿನವು ಅದಕ್ಕಿಂತ ಹಿಂದಿನವು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ಬೆನೆಟ್ ಕುಟುಂಬದತ್ತ ನೋಡಿದರೆ ಎಲ್ಲರೂ ನಗುವ ಆ ತಾಯಿ ಬೇರೆಯದೇ ರೀತಿ ಕಾಣುತ್ತಾಳೆ. ಬೆನೆಟ್‌ನ ಜಮೀನಿನಿಂದ ವರ್ಷಕ್ಕೆ 2,000 ಪೌಂಡ್ ಬರುತ್ತದೆ, ಆದರೆ ಆ ಆಸ್ತಿ ಗಂಡು ಸಂತಾನಕ್ಕೆ ಮಾತ್ರ ಸಲ್ಲತಕ್ಕದ್ದು. ಗಂಡುಮಗುವಿಲ್ಲದ್ದರಿಂದ ಅವನ ಕಾಲಾನಂತರ ಮನೆಯೂ ಸೇರಿ ಎಲ್ಲವೂ ಕಾಲಿನ್ಸ್ ಎಂಬ ದೂರದ ದಾಯಾದಿಯ ಪಾಲಾಗುತ್ತದೆ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಕಾಸು ಉಳಿಸುವ ಗೋಜಿಗೇ ಹೋಗಲಿಲ್ಲ, ಏಕೆಂದರೆ ಒಂದು ಗಂಡು ಹುಟ್ಟಿಯೇ ಹುಟ್ಟುತ್ತದೆ, ಅದು ಪ್ರಾಯಕ್ಕೆ ಬಂದ ಮೇಲೆ ತಂದೆಯೊಡನೆ ಸೇರಿ ಆ ಕಟ್ಟಳೆಯನ್ನು ಮುರಿಯುತ್ತದೆ ಎಂಬ ಧೈರ್ಯವಿತ್ತು. ಹುಟ್ಟಿದ್ದು ಐದೂ ಹೆಣ್ಣು. ಈ ಕಥೆಯನ್ನು ಇಂಗ್ಲಿಷ್ ಬಾರದ ನಮ್ಮ ಸೋದರತ್ತೆಗೆ ಒಮ್ಮೆ ಹೇಳುತ್ತಿದ್ದಾಗ ಅವರು ಅರ್ಧದಲ್ಲೇ ತಡೆದು, “ಐದು ಹೆಣ್ಣು, ಆಸ್ತಿ ದಾಯಾದಿಗೆ, ಯಜಮಾನ ಪುಸ್ತಕ ಹಿಡಿದು ಕೂತಿದ್ದಾನೆ. ಆ ತಾಯಿಗೆ ತಲೆ ಕೆಡದೆ ಇನ್ನೇನಾಗಬೇಕಿತ್ತು?” ಎಂದರು. ವಿಮರ್ಶಕರು ಬಹಳ ಕಾಲ ಹೇಳದಿದ್ದ ಮಾತು ಅದು. ಬೆನೆಟ್‌ನ ಚಮತ್ಕಾರದ ಮಾತುಗಳಿಗೆ ನಾವು ಮನಸೋಲುತ್ತೇವೆ, ಆದರೆ ಆ ಮನೆಯಲ್ಲಿ ನಾಳೆಯ ಚಿಂತೆ ಮಾಡುತ್ತಿರುವವಳು ಅವಳೊಬ್ಬಳೇ. ಅವಳು ಅದನ್ನು ಅಸಹ್ಯವಾಗಿ, ಎಲ್ಲರೆದುರು ಗಂಟಲು ಹರಿದುಕೊಂಡು ಮಾಡುತ್ತಾಳೆ ಎಂಬುದೂ ನಿಜವೇ.

ಬೆನೆಟ್‌ನ ಎರಡನೆಯ ಮಗಳು, ಕಾದಂಬರಿಯ ನಾಯಕಿ ಎಲಿಜಬೆತ್‌ಳನ್ನು ಮದುವೆಯಾಗೆಂದು ಕೇಳಲು ಬರುವ ಕಾಲಿನ್ಸ್, ತನಗೆ ಹಣದ ಆಸೆಯಿಲ್ಲವೆಂದು ಹೇಳಿಕೊಳ್ಳುತ್ತಲೇ ಅವಳ ಲೆಕ್ಕವನ್ನು ಅವಳ ಮುಂದೆಯೇ ಒಪ್ಪಿಸುತ್ತಾನೆ: ಶೇಕಡಾ ನಾಲ್ಕರ ಬಡ್ಡಿಯ ಸರ್ಕಾರಿ ಸಾಲಪತ್ರದಲ್ಲಿ 1,000 ಪೌಂಡ್, ಅದೂ ತಾಯಿ ತೀರಿಕೊಂಡ ಮೇಲೆ. ಅಂದರೆ ವರ್ಷಕ್ಕೆ 40 ಪೌಂಡ್. ಎಲಿಜಬೆತ್ ಒಲ್ಲೆನೆನ್ನುತ್ತಾಳೆ, ನಾವು ಭೇಷ್ ಎನ್ನುತ್ತೇವೆ. ಮೂರು ದಿನ ಕಳೆಯುವುದರೊಳಗೆ ಅವಳ ಗೆಳತಿ, ಇಪ್ಪತ್ತೇಳು ವರ್ಷದ ಶಾರ್ಲಟ್ ಲ್ಯೂಕಸ್, ಅದೇ ಮನುಷ್ಯನನ್ನು ಒಪ್ಪಿಕೊಳ್ಳುತ್ತಾಳೆ. ಇಡೀ ಕಾದಂಬರಿಯಲ್ಲಿ ನನ್ನನ್ನು ಹೆಚ್ಚು ಕಾಡುವವಳು ಈ ಶಾರ್ಲಟ್. ಅವಳ ನಿಶ್ಚಿತಾರ್ಥದ ಸುದ್ದಿ ತಿಳಿದಾಗ ಮನೆಯವರು ಏನೇನು ಮಾಡುತ್ತಾರೆಂಬುದನ್ನು ಆಸ್ಟಿನ್ ಒಂದೇ ಪ್ಯಾರಾದಲ್ಲಿ ಹೇಳಿಬಿಡುತ್ತಾರೆ: ತಾಯಿ ಕೂಡಲೇ ಬೆನೆಟ್ ಇನ್ನು ಎಷ್ಟು ವರ್ಷ ಬದುಕಿಯಾನೆಂದು ಲೆಕ್ಕ ಹಾಕತೊಡಗುತ್ತಾಳೆ, ತಂಗಿಯರಿಗೆ ತಾವು ಸಮಾಜಕ್ಕೆ ಕಾಲಿಡುವ ದಿನ ಒಂದೆರಡು ವರ್ಷ ಹತ್ತಿರವಾಯಿತೆಂಬ ಸಂಭ್ರಮ, ತಮ್ಮಂದಿರಿಗೆ ಅಕ್ಕ ಮದುವೆಯಾಗದೆ ಮನೆಯಲ್ಲೇ ಉಳಿದುಬಿಡುತ್ತಾಳೆಂಬ ಭಯದಿಂದ ಬಿಡುಗಡೆ. ಯಾರೂ ಅವಳನ್ನು ಬಲವಂತಪಡಿಸಿಲ್ಲ, ಯಾರೂ ಗದರಿಸಿಲ್ಲ. ಎಲ್ಲರಿಗೂ ಹಾಯೆನಿಸಿದೆ, ಅಷ್ಟೇ.

ಮುಂದೆ ಎಲಿಜಬೆತ್ ಆ ದಂಪತಿಗಳ ಮನೆಗೆ ಹೋದಾಗ ಒಂದು ಸಣ್ಣ ಸಂಗತಿಯನ್ನು ಗಮನಿಸುತ್ತಾಳೆ. ಊಟದ ಕೋಣೆ ದೊಡ್ಡದಾಗಿದೆ, ಕಿಟಕಿಯ ನೋಟವೂ ಚೆನ್ನಾಗಿದೆ. ಆದರೂ ಶಾರ್ಲಟ್ ದಿನದ ಹೆಚ್ಚು ಹೊತ್ತು ಕುಳಿತುಕೊಳ್ಳುವುದು ಹಿತ್ತಲ ಕಡೆಯ ಸಾಧಾರಣ ಕೋಣೆಯಲ್ಲಿ. ಏಕೆಂದು ಮೊದಲು ಅರ್ಥವಾಗುವುದಿಲ್ಲ. ಕಾಲಿನ್ಸ್‌ನ ಓದುವ ಕೋಣೆ ರಸ್ತೆಯ ಕಡೆಗಿದೆ, ಹೋಗಿಬರುವ ಗಾಡಿಗಳನ್ನು ನೋಡುತ್ತ ಅವನು ಅಲ್ಲೇ ಕುಳಿತಿರುತ್ತಾನೆ. ಹೆಂಡತಿಯೂ ಅಷ್ಟೇ ಚೆಂದದ ಕೋಣೆಯಲ್ಲಿ ಕುಳಿತರೆ ಅವನು ತನ್ನ ಕೋಣೆ ಬಿಟ್ಟು ಇಲ್ಲಿಗೇ ಬಂದುಬಿಡುತ್ತಾನೆ. ಗಂಡನಿಗೆ ತೋಟದ ಕೆಲಸ ಆರೋಗ್ಯಕ್ಕೆ ಒಳ್ಳೆಯದೆಂದು ಅವಳು ಹುರಿದುಂಬಿಸುವುದರ ಹಿಂದೆಯೂ ಇದೇ ಯುಕ್ತಿ. ಹೆಣ್ಣಿನ ಸ್ಥಾನದ ಬಗ್ಗೆ ಎಷ್ಟೋ ಪ್ರಬಂಧಗಳು ಹೇಳಲಾರದ್ದನ್ನು ಈ ಕೋಣೆಯ ಆಯ್ಕೆ ಹೇಳುತ್ತದೆ. ಶಾರ್ಲಟ್ ಸೂರು ಪಡೆದಿದ್ದಾಳೆ, ಅದಕ್ಕೆ ಬೆಲೆಯನ್ನು ಪ್ರತಿದಿನ ಗಂಟೆಗಳ ಲೆಕ್ಕದಲ್ಲಿ ತೆರುತ್ತಿದ್ದಾಳೆ, ಆ ಗಂಟೆಗಳನ್ನು ಆದಷ್ಟು ಕಡಿಮೆ ಮಾಡಿಕೊಳ್ಳುವ ಜಾಣ್ಮೆಯೂ ಅವಳಲ್ಲಿದೆ. ಆಸ್ಟಿನ್ ಅವಳನ್ನು ಕನಿಕರಿಸುವುದಿಲ್ಲ, ದೂಷಿಸುವುದೂ ಇಲ್ಲ. ಓದುಗರಲ್ಲಿ ಹೆಚ್ಚಿನವರು ಎಲಿಜಬೆತ್‌ಳ ಪರ ನಿಂತು ಶಾರ್ಲಟ್‌ಳನ್ನು ಕೀಳಾಗಿ ಕಾಣುತ್ತಾರೆ. ಎಲಿಜಬೆತ್‌ಗೆ ಕೊನೆಯಲ್ಲಿ ಡಾರ್ಸಿ ಸಿಗದೆ ಹೋಗಿದ್ದರೆ ಅವಳ ನಲವತ್ತನೆಯ ವಯಸ್ಸು ಹೇಗಿರುತ್ತಿತ್ತೆಂದು ಅವರು ಯೋಚಿಸಿದ್ದಾರೆಯೇ ಎಂದು ನನಗೆ ಅನುಮಾನ.

ಹೇಗಿರುತ್ತಿತ್ತೆಂಬುದಕ್ಕೆ ಉತ್ತರ ಆಸ್ಟಿನ್ ಅವರದೇ ‘ಎಮ್ಮಾ’ ಕಾದಂಬರಿಯಲ್ಲಿ ಮಿಸ್ ಬೇಟ್ಸ್ ಎಂಬ ಹೆಸರಿನಲ್ಲಿ ಓಡಾಡುತ್ತಿದೆ. ಊರವರು ಕಳಿಸುವ ಹಂದಿಮಾಂಸಕ್ಕೂ ಸೇಬುಹಣ್ಣಿಗೂ ಕೃತಜ್ಞತೆ ಹೇಳುತ್ತಲೇ ಇರುವ ಆ ಅವಿವಾಹಿತೆಯನ್ನು ಮುಂದಿಟ್ಟುಕೊಂಡು, 30,000 ಪೌಂಡಿನ ಒಡತಿಯಾದ ಎಮ್ಮಾ ನಿರಾಳವಾಗಿ ಹೇಳುತ್ತಾಳೆ: ಕಡಿಮೆ ವರಮಾನದ ಒಂಟಿ ಹೆಣ್ಣನ್ನು ಹುಡುಗರೂ ಹುಡುಗಿಯರೂ ಆಡಿಕೊಳ್ಳುತ್ತಾರೆ, ಹಣವಂತೆಯಾದ ಒಂಟಿ ಹೆಣ್ಣು ಮಾತ್ರ ಯಾವಾಗಲೂ ಗೌರವಸ್ಥಳೇ. ಎಮ್ಮಾಳ ಮಾತುಗಳಲ್ಲಿ ಬಹಳಷ್ಟು ತಪ್ಪುಗಳಿವೆ, ಆದರೆ ಇದರಲ್ಲಿ ಎಳ್ಳಷ್ಟೂ ತಪ್ಪಿಲ್ಲ.

ಆಸ್ಟಿನ್ ಬರೆದ ಪುಟಗಳಲ್ಲಿ ಅತ್ಯಂತ ಕ್ರೂರವಾದದ್ದು ಯಾವುದೆಂದು ಯಾರಾದರೂ ಕೇಳಿದರೆ ನಾನು 1811ರ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯ ಎರಡನೆಯ ಅಧ್ಯಾಯವನ್ನು ತೋರಿಸುತ್ತೇನೆ. ಸಾಯುತ್ತಿರುವ ತಂದೆಗೆ ಜಾನ್ ಡ್ಯಾಷ್‌ವುಡ್ ಮಾತು ಕೊಟ್ಟಿದ್ದಾನೆ: ಮಲತಾಯಿಯನ್ನೂ ಮೂವರು ಮಲತಂಗಿಯರನ್ನೂ ಕೈಬಿಡುವುದಿಲ್ಲವೆಂದು. ತಲೆಗೆ 1,000 ಪೌಂಡಿನಂತೆ 3,000 ಕೊಡುವುದೆಂದು ತನ್ನಲ್ಲೇ ತೀರ್ಮಾನಿಸಿ ಅವನು ತನ್ನ ಔದಾರ್ಯಕ್ಕೆ ತಾನೇ ಬೀಗುತ್ತಾನೆ. ಆಮೇಲೆ ಹೆಂಡತಿ ಫ್ಯಾನಿ ಮಾತಿಗೆ ಕೂರುತ್ತಾಳೆ. ನಮ್ಮ ಮಗನ ಬಾಯಿಂದ ಕಿತ್ತು ಅರೆಬರೆ ರಕ್ತಸಂಬಂಧದ ನಾದಿನಿಯರಿಗೆ ಕೊಡುವುದೇ ಎಂದು ಅವಳು ಕೇಳಿದಾಗ ಮೊತ್ತ ಅರ್ಧಕ್ಕಿಳಿಯುತ್ತದೆ. ಅಷ್ಟೂ ಬೇಡ, ತಾಯಿ ಇರುವತನಕ ವರ್ಷಕ್ಕೆ 100 ಪೌಂಡ್ ವರ್ಷಾಶನ ಕೊಟ್ಟರೆ ಹೇಗೆ ಎಂದು ಅವನು. ವರ್ಷಾಶನ ಬರುತ್ತದೆಂದು ಗೊತ್ತಾದವರು ಸಾಯುವುದೇ ಇಲ್ಲ, ಆಕೆಯೋ ಗಟ್ಟಿಮುಟ್ಟು, ಇನ್ನೂ ನಲವತ್ತು ದಾಟಿಲ್ಲ ಎಂದು ಅವಳು. ಹಾಗಾದರೆ ಆಗೊಮ್ಮೆ ಈಗೊಮ್ಮೆ 50 ಪೌಂಡ್? ನಿಮ್ಮ ತಂದೆಯ ಮನಸ್ಸಿನಲ್ಲಿದ್ದದ್ದು ಹಣವೇ ಅಲ್ಲ, ಮನೆ ಹುಡುಕಿಕೊಡುವುದು, ಸಾಮಾನು ಸಾಗಿಸಲು ನೆರವಾಗುವುದು, ಕಾಲಕಾಲಕ್ಕೆ ಮೀನು, ಬೇಟೆಯ ಮಾಂಸ ಕಳಿಸುವುದು ಇಷ್ಟೇ ಎಂದು ಅವಳು ಒಪ್ಪಿಸುತ್ತಾಳೆ. ಅಧ್ಯಾಯದ ಕೊನೆಗೆ ಉಳಿಯುವುದು ಅಷ್ಟೇ. ಅಷ್ಟೇ ಅಲ್ಲ, ಆ ಮಲತಾಯಿ ಒಯ್ಯಲಿರುವ ಪಿಂಗಾಣಿ ಪಾತ್ರೆಗಳು ತಮ್ಮಲ್ಲಿರುವುದಕ್ಕಿಂತ ಚೆಂದವಾಗಿವೆಯೆಂದು ಫ್ಯಾನಿಯ ಹೊಟ್ಟೆಯುರಿ ಬೇರೆ.

ಈ ಅಧ್ಯಾಯದಲ್ಲಿ ಯಾರೂ ಖಳನಾಯಕರಂತೆ ಮಾತನಾಡುವುದಿಲ್ಲ. ಗಂಡ ಹೆಂಡತಿ ಹಜಾರದಲ್ಲಿ ಕುಳಿತು ಮನೆಯ ವಿಷಯ ಮಾತನಾಡುತ್ತಿದ್ದಾರೆ, ಅಷ್ಟೇ. ನಾಲ್ಕು ಹೆಣ್ಣುಜೀವಗಳ ಭವಿಷ್ಯ ಹೀಗೆ ಕಾಫಿ ಆರುವಷ್ಟು ಹೊತ್ತಿನಲ್ಲಿ ಕರಗಿಹೋಗುತ್ತದೆ, ಅವರನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಕಿತ್ತುಕೊಳ್ಳುತ್ತಿರುವವಳೂ ಒಬ್ಬ ಹೆಣ್ಣೇ ಎಂಬುದನ್ನು ಆಸ್ಟಿನ್ ಮರೆಮಾಚುವುದಿಲ್ಲ. ಫ್ಯಾನಿಯ ಬಲವೆಲ್ಲ ಗಂಡನ ಕಿವಿಯಲ್ಲಿದೆ, ಅದನ್ನು ಅವಳು ಚೆನ್ನಾಗಿಯೇ ಬಳಸಿಕೊಂಡಿದ್ದಾಳೆ.

ಇಲ್ಲಿ ನಮ್ಮ ಕಡೆಯ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಧರ್ಮಶಾಸ್ತ್ರಗಳಲ್ಲಿ ಸ್ತ್ರೀಧನವೆಂಬುದು ಹೆಂಡತಿಯದೇ ಸ್ವತ್ತೆಂದು ಗುರುತಿಸಲಾಗಿತ್ತು. ಶಾಸ್ತ್ರದಲ್ಲಿದ್ದದ್ದು ಮನೆಯೊಳಗೆ ಎಷ್ಟು ಉಳಿಯಿತೆಂಬುದು ಬೇರೆ ಪ್ರಶ್ನೆಯಾದರೂ, ಅದೇ ಕಾಲದ ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ ಹೆಂಡತಿಯ ಕೈಗಡಗದ ಮೇಲೂ ಹಕ್ಕು ಗಂಡನದೇ ಆಗಿತ್ತು. ಜಮೀನಿನ ಪಾಲಿನ ವಿಷಯದಲ್ಲಿ ಮಾತ್ರ ನಮ್ಮವರೇನೂ ಮುಂದಿರಲಿಲ್ಲ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು ತಂದಿತು, ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಪಾಲು ಸಿಕ್ಕಿದ್ದು 1994ರ ತಿದ್ದುಪಡಿಯಿಂದ. ಅಳಿಯಸಂತಾನದ ಕರಾವಳಿಯ ಓದುಗರಿಗೆ ಬೆನೆಟ್ ಮನೆಯ ಕಟ್ಟಳೆ ವಿಚಿತ್ರವೆನಿಸೀತು. ಉಳಿದ ನಮಗೆ ಅದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ಹಣವಿಲ್ಲದ, ಆದರೆ ಓದು ಬರಹ ಬಲ್ಲ ಮಧ್ಯಮವರ್ಗದ ಹೆಣ್ಣಿಗೆ ಮರ್ಯಾದೆ ಕೆಡದಂತೆ ದುಡಿಯಲು ಇದ್ದ ದಾರಿ ಬಹುಮಟ್ಟಿಗೆ ಒಂದೇ, ಉಳ್ಳವರ ಮನೆಯಲ್ಲಿ ಗವರ್ನೆಸ್ ಆಗಿ ಮಕ್ಕಳಿಗೆ ಪಾಠ ಹೇಳುವುದು. ‘ಎಮ್ಮಾ’ದ ಜೇನ್ ಫೇರ್‌ಫ್ಯಾಕ್ಸ್ ಆ ಕೆಲಸ ಕೊಡಿಸುವ ಕಚೇರಿಗಳನ್ನು ಗುಲಾಮರ ವ್ಯಾಪಾರದ ಪಕ್ಕದಲ್ಲಿಟ್ಟು ಮಾತನಾಡುತ್ತಾಳೆ, ಅಲ್ಲಿ ಮಾರುವುದು ಮನುಷ್ಯರ ಮೈಯನ್ನಲ್ಲ, ಬುದ್ಧಿಯನ್ನು ಎನ್ನುತ್ತಾಳೆ. ಸ್ವತಃ ಗವರ್ನೆಸ್ ಆಗಿ ದುಡಿದಿದ್ದ ಶಾರ್ಲಟ್ ಬ್ರಾಂಟೆ 1847ರಲ್ಲಿ ಕರರ್ ಬೆಲ್ ಎಂಬ ಗಂಡಸಿನ ಹೆಸರೆಂದು ತೋರುವ ಹೆಸರಿನಲ್ಲಿ ‘ಜೇನ್ ಏರ್’ ಪ್ರಕಟಿಸಿದರು. ಅದಕ್ಕೆ ಹತ್ತು ವರ್ಷ ಮೊದಲು ಅವರು ತಮ್ಮ ಕವಿತೆಗಳನ್ನು ಆಸ್ಥಾನಕವಿ ರಾಬರ್ಟ್ ಸೌದಿಗೆ ಕಳಿಸಿದಾಗ, ಸಾಹಿತ್ಯ ಹೆಣ್ಣಿನ ಬದುಕಿನ ಕಸುಬಾಗಲಾರದು, ಆಗಲೂಬಾರದು ಎಂಬ ಉತ್ತರ ಬಂದಿತ್ತು. ಆ ಕಾದಂಬರಿಯ ನಾಯಕಿ ಜೇನ್‌ಗೆ ಥಾರ್ನ್‌ಫೀಲ್ಡ್ ಮನೆಯಲ್ಲಿ ಸಂಬಳ ವರ್ಷಕ್ಕೆ 30 ಪೌಂಡ್, ಅವಳು ಅದುವರೆಗೆ ಶಾಲೆಯಲ್ಲಿ ಪಡೆಯುತ್ತಿದ್ದುದರ ಎರಡರಷ್ಟು. ಅವಳು ಯಜಮಾನನ ಹಜಾರದಲ್ಲಿ ಕುಳಿತರೂ ಅತಿಥಿಯಲ್ಲ, ಸಂಬಳ ಪಡೆದರೂ ಅಡುಗೆಮನೆಯ ಆಳುಗಳ ಸಾಲಿನವಳಲ್ಲ. ಆ ಮನೆಗೆ ಬರುವ ಶ್ರೀಮಂತ ಹೆಂಗಸರು ಅವಳಿಗೆ ಕೇಳಿಸುವಂತೆಯೇ ಗವರ್ನೆಸ್‌ಗಳನ್ನು ಹೀಯಾಳಿಸುತ್ತಾರೆ. ಮಾಳಿಗೆಯ ಮೇಲೆ ಒಂಟಿಯಾಗಿ ಅಡ್ಡಾಡುತ್ತ ಜೇನ್ ಯೋಚಿಸುವ ಮಾತುಗಳು ಇಂದಿಗೂ ಬಿಸಿಯಾಗಿವೆ: ಹೆಂಗಸರೂ ಗಂಡಸರಂತೆಯೇ ಅನುಭವಿಸುತ್ತಾರೆ, ಅವರಿಗೂ ತಮ್ಮ ಶಕ್ತಿಯನ್ನು ದುಡಿಸಲು ಬಯಲು ಬೇಕು, ಅವರು ಕಡುಬು ಬೇಯಿಸುತ್ತ, ಕಾಲುಚೀಲ ಹೆಣೆಯುತ್ತ ಇರಲೆನ್ನುವವರದು ಸಣ್ಣ ಮನಸ್ಸು.

ಓದಿನ ವಿಷಯದಲ್ಲಿ ಇದೇ ಸಿಟ್ಟನ್ನು ಜಾರ್ಜ್ ಎಲಿಯಟ್ ಎಂಬ ಹೆಸರಿನಲ್ಲಿ ಬರೆದ ಮೇರಿ ಆನ್ ಇವಾನ್ಸ್ ಬೇರೆ ರೀತಿಯಲ್ಲಿ, ಒಂದು ಮಗುವಿನ ಮುಖ ಸಪ್ಪಗಾಗುವುದರ ಮೂಲಕ ತೋರಿಸಿದರು. 1860ರ ‘ದಿ ಮಿಲ್ ಆನ್ ದಿ ಫ್ಲಾಸ್’ನಲ್ಲಿ ಮ್ಯಾಗಿ ಚುರುಕು, ಅಣ್ಣ ಟಾಮ್ ಮಂದ, ಆದರೆ ಹಣ ಸುರಿದು ಲ್ಯಾಟಿನ್ ಕಲಿಯಲು ಕಳಿಸುವುದು ಟಾಮ್‌ನನ್ನು. ಹೆಣ್ಣುಮಗಳಿಗೆ ಇಷ್ಟು ಬುದ್ಧಿ ಕೇಡಿಗೇ ಎಂದು ಪ್ರೀತಿಯ ತಂದೆಯೇ ಪೇಚಾಡುತ್ತಾನೆ. ಅಣ್ಣನನ್ನು ನೋಡಲು ಹೋದ ಮ್ಯಾಗಿ ಅವನ ವ್ಯಾಕರಣ ಪುಸ್ತಕದ ಉದಾಹರಣೆಗಳನ್ನು ಊಹಿಸಿಕೊಂಡು ಓದುತ್ತ ಖುಷಿಪಡುತ್ತಾಳೆ. ಹುಡುಗಿಯರಿಗೆ ರೇಖಾಗಣಿತ ಹತ್ತುವುದಿಲ್ಲ ಅಲ್ಲವೇ ಎಂದು ಟಾಮ್ ಗುರುಗಳನ್ನು ಕೇಳಿದಾಗ, ಅವರಿಗೆ ಮೇಲುಮೇಲಿನ ಚುರುಕುತನವಿರುತ್ತದೆ, ಆಳಕ್ಕೆ ಇಳಿಯಲಾರರು ಎಂದು ಆ ಪಾದ್ರಿ ತೀರ್ಪು ಕೊಡುತ್ತಾನೆ. ಹುಟ್ಟಿದಾಗಿನಿಂದ ಚುರುಕೆಂದು ಕರೆಸಿಕೊಂಡು ಹೆಮ್ಮೆಪಟ್ಟಿದ್ದ ಮಗುವಿಗೆ, ಆ ಚುರುಕುತನವೇ ತನ್ನ ಕೀಳುತನದ ಗುರುತೆಂದು ಆ ಕ್ಷಣದಲ್ಲಿ ತಿಳಿಯುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯ ಹೆಂಗಸರಿಗೆ ಪೂರ್ಣ ಪದವಿ ಕೊಡಲು ಒಪ್ಪಿದ್ದು 1948ರಲ್ಲಿ.

ಬ್ರಾಂಟೆ ಸೋದರಿಯರಲ್ಲಿ ಕಿರಿಯಳಾದ ಆ್ಯನ್ ಬರೆದ ‘ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್’ 1848ರಲ್ಲಿ ಬಂತು. ಕಾನೂನನ್ನು ನೇರವಾಗಿ ಎದುರುಹಾಕಿಕೊಂಡ ಕೃತಿ ಇದೊಂದೇ ಎಂದರೂ ಸಲ್ಲುತ್ತದೆ. ಕುಡುಕ ಗಂಡನ ಮನೆಯಿಂದ ಹೆಲೆನ್ ಮಗನನ್ನು ಕರೆದುಕೊಂಡು ತಪ್ಪಿಸಿಕೊಳ್ಳಲು ಯೋಚಿಸುತ್ತಾಳೆ, ಚಿತ್ರ ಬರೆದು ಮಾರಿ ಬದುಕುವುದು ಅವಳ ಲೆಕ್ಕಾಚಾರ. ಅವಳ ದಿನಚರಿ ಓದಿ ವಿಷಯ ತಿಳಿದ ಗಂಡ ಕುಂಚ, ಬಣ್ಣ, ಚಿತ್ರಗಳನ್ನೆಲ್ಲ ಬೆಂಕಿಗೆ ಹಾಕುತ್ತಾನೆ, ಹಣ ಒಡವೆಗಳನ್ನು ವಶಮಾಡಿಕೊಳ್ಳುತ್ತಾನೆ. ಆದರೂ ಕೊನೆಗೆ ಅವಳು ಓಡಿಹೋಗುತ್ತಾಳೆ. ಬೇರೊಂದು ಹೆಸರಿಟ್ಟುಕೊಂಡು ಪಾಳುಬಿದ್ದ ಮನೆಯಲ್ಲಿ ನೆಲೆಸುತ್ತಾಳೆ. ತಾನು ಬರೆದ ಚಿತ್ರಗಳ ಕೆಳಗೆ ಬೇರೆ ಊರಿನ ಹೆಸರು ಬರೆದು ಲಂಡನ್ನಿಗೆ ಕಳಿಸುತ್ತಾಳೆ, ಚಿತ್ರದ ಜಾಡು ಹಿಡಿದು ಗಂಡ ಬಂದಾನೆಂಬ ಭಯದಿಂದ. ಕಥೆ ನಡೆಯುವ 1820ರ ದಶಕದಲ್ಲಿ ಅವಳು ಮಾಡಿದ್ದೆಲ್ಲವೂ ತಪ್ಪೇ: ಮಗ ತಂದೆಯ ಸ್ವತ್ತು, ಚಿತ್ರ ಮಾರಿದ ಹಣವೂ ಗಂಡನದು.

ಇದು ಕಲ್ಪನೆಯ ಅತಿರೇಕವಲ್ಲವೆಂಬುದಕ್ಕೆ ಲೇಖಕಿ ಕ್ಯಾರೊಲಿನ್ ನಾರ್ಟನ್ ಅವರ ಬದುಕು ಸಾಕ್ಷಿ. ಆಕೆಯ ಗಂಡ 1836ರಲ್ಲಿ ಪ್ರಧಾನಿ ಮೆಲ್ಬರ್ನ್ ಮೇಲೆ ಅಕ್ರಮ ಸಂಬಂಧದ ದಾವೆ ಹೂಡಿ ಸೋತ. ಸೋತವನಿಗೇ ಮೂವರು ಗಂಡುಮಕ್ಕಳೂ ಉಳಿದರು, ಹೆಂಡತಿಯ ಬರಹದಿಂದ ಬರುವ ಹಣದ ಮೇಲಿನ ಹಕ್ಕೂ ಉಳಿಯಿತು. ಆಕೆ ಪಟ್ಟುಬಿಡದೆ ಹೋರಾಡಿದ್ದರಿಂದ 1839ರಲ್ಲಿ ಏಳು ವರ್ಷದೊಳಗಿನ ಮಕ್ಕಳಿಗಾಗಿ ತಾಯಿ ನ್ಯಾಯಾಲಯದ ಮೊರೆಹೋಗಬಹುದೆಂಬ ಕಾನೂನು ಬಂತು. ವಿಚ್ಛೇದನವನ್ನು ನ್ಯಾಯಾಲಯದ ವ್ಯಾಪ್ತಿಗೆ ತಂದ 1857ರ ಶಾಸನ ಕೂಡ ತಕ್ಕಡಿಯನ್ನು ಸಮ ಹಿಡಿಯಲಿಲ್ಲ: ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕು, ಹೆಂಡತಿಯಾದರೆ ವ್ಯಭಿಚಾರದ ಜೊತೆಗೆ ಹಿಂಸೆಯನ್ನೋ ತೊರೆದುಹೋದದ್ದನ್ನೋ ರುಜುವಾತುಪಡಿಸಬೇಕು. ಕಾದಂಬರಿಗಾರ್ತಿ ಎಲಿಜಬೆತ್ ಗ್ಯಾಸ್ಕೆಲ್ ಒಳ್ಳೆಯ ಸಂಸಾರದಲ್ಲಿದ್ದವರು. ಅವರೂ ಕಥೆಯೊಂದಕ್ಕೆ ಬಂದ 20 ಪೌಂಡನ್ನು ಪಾದ್ರಿ ಗಂಡ ಶಾಂತವಾಗಿ ತನ್ನ ಜೇಬಿಗಿಳಿಸಿ ಗುಂಡಿ ಹಾಕಿಕೊಂಡರೆಂದು ಪತ್ರದಲ್ಲಿ ಬರೆದಿದ್ದಾರೆ, ಸ್ವಲ್ಪ ತಮಾಷೆಯಾಗಿಯೇ. ಇನ್ನು ಆ್ಯನ್ ಕಾದಂಬರಿಯ ಗತಿ ನೋಡಿ: ಅವರು 1849ರಲ್ಲಿ ತೀರಿಕೊಂಡ ಮೇಲೆ, ವಸ್ತುವಿನ ಆಯ್ಕೆಯೇ ತಪ್ಪೆಂದು ಹೇಳಿ ಮರುಮುದ್ರಣ ಬೇಡವೆಂದವರು ಅಕ್ಕ ಶಾರ್ಲಟ್. ಆ ಅಕ್ಕನ ಮೇಲೆ ನನಗೆ ಈ ಒಂದು ಕೋಪ ಇಂದಿಗೂ ಆರಿಲ್ಲ.

ಹೀಗೆ ರೋಗವನ್ನು ಅಷ್ಟು ಸ್ಪಷ್ಟವಾಗಿ ಗುರುತಿಸಿದ ಈ ಲೇಖಕಿಯರು ತಮ್ಮ ನಾಯಕಿಯರನ್ನು ಬಿಡಿಸಿದ್ದಾದರೂ ಹೇಗೆ? ಹೆಚ್ಚಿನ ಸಲ ಮದುವೆ ಮಾಡಿಸಿ. ಅದು ಬೇಡವಾದಾಗ, ಅಥವಾ ಅದಕ್ಕೂ ಮೊದಲು, ದೂರದೇಶದಿಂದ ಹಣ ತರಿಸಿ. ಈ ಎರಡನೆಯದನ್ನು ಒಮ್ಮೆ ಗಮನಿಸಿದ ಮೇಲೆ ಎಲ್ಲೆಲ್ಲೂ ಅದೇ ಕಾಣತೊಡಗುತ್ತದೆ. ಜೇನ್ ಏರ್ ತನ್ನ ಯಜಮಾನ ರಾಚೆಸ್ಟರ್‌ನ ಬಳಿಗೆ ಸರಿಸಮಳಾಗಿ ಮರಳಿ ಹೋಗಬಲ್ಲಳಾದದ್ದು 30 ಪೌಂಡಿನ ಸಂಬಳದಿಂದಲ್ಲ, ಮದೀರಾ ದ್ವೀಪದಲ್ಲಿ ವ್ಯಾಪಾರ ಮಾಡುತ್ತಿದ್ದ ಚಿಕ್ಕಪ್ಪ ಬಿಟ್ಟುಹೋದ 20,000 ಪೌಂಡಿನಿಂದ. ಅದನ್ನು ಅವಳು ತನ್ನ ಬಂಧುಗಳೊಡನೆ ನಾಲ್ಕು ಸಮಪಾಲು ಮಾಡಿಕೊಂಡು 5,000 ಇಟ್ಟುಕೊಳ್ಳುತ್ತಾಳೆ. ತಾನೀಗ ಸ್ವತಂತ್ರಳು, ತನಗೆ ತಾನೇ ಒಡತಿ ಎಂದು ರಾಚೆಸ್ಟರ್‌ಗೆ ಹೇಳುವಾಗ ಅವಳ ದನಿಯಲ್ಲಿ ಆ ಹಣವಿದೆ. ಆ ಚಿಕ್ಕಪ್ಪ ವ್ಯವಹಾರ ಮಾಡುತ್ತಿದ್ದದ್ದು ಜಮೈಕಾದ ಮೇಸನ್ ಕುಟುಂಬದ ಅಂಗಡಿಯೊಡನೆ ಎಂಬುದನ್ನು ಕಾದಂಬರಿ ಒಂದೇ ವಾಕ್ಯದಲ್ಲಿ ಹೇಳಿ ಸುಮ್ಮನಾಗುತ್ತದೆ. ಅದೇ ಕುಟುಂಬದ ಮಗಳು ಬರ್ಥಾ, 30,000 ಪೌಂಡ್ ತಂದು ರಾಚೆಸ್ಟರ್‌ನ ಕೈಹಿಡಿದವಳು, ಈಗ ಅವನ ಮನೆಯ ಮೂರನೆಯ ಅಂತಸ್ತಿನಲ್ಲಿ ಹುಚ್ಚಿಯೆಂದು ಬೀಗದ ಹಿಂದಿದ್ದಾಳೆ. ಅವಳು ತಂದದ್ದು ಮದುವೆಯ ದಿನವೇ ಅವಳದಾಗಿ ಉಳಿದಿರಲಿಲ್ಲ. ಒಂದೇ ವ್ಯಾಪಾರದ ಜಾಲದಿಂದ ಬಂದ ಹಣ ಒಬ್ಬಳನ್ನು ಬಿಡಿಸಿತು, ಇನ್ನೊಬ್ಬಳ ಕೈತಪ್ಪಿಹೋಯಿತು.

ಗ್ಯಾಸ್ಕೆಲ್ ಅವರ ‘ಕ್ರ್ಯಾನ್‌ಫರ್ಡ್’ನಲ್ಲಿ ಬ್ಯಾಂಕು ಮುಳುಗಿ ಮಿಸ್ ಮ್ಯಾಟಿಯ ಜೀವನಾಧಾರ ಹೋಗುತ್ತದೆ. ಸುದ್ದಿ ಬರುವ ಹೊತ್ತಿಗೆ ಅವಳು ರೇಷ್ಮೆ ಬಟ್ಟೆ ಕೊಳ್ಳಲು ಅಂಗಡಿಯಲ್ಲಿದ್ದಾಳೆ. ಅದೇ ಬ್ಯಾಂಕಿನ 5 ಪೌಂಡಿನ ನೋಟನ್ನು ಅಂಗಡಿಯವನು ಬೇಡವೆಂದಾಗ ಕಂಗಾಲಾದ ರೈತನಿಗೆ, ತಾನೂ ಆ ಬ್ಯಾಂಕಿನ ಷೇರುದಾರಳಾದ್ದರಿಂದ ಹೊಣೆ ತನ್ನದೆಂದು ಹೇಳಿ ತನ್ನ ಐದು ಚಿನ್ನದ ನಾಣ್ಯಗಳನ್ನು ಕೊಟ್ಟು ಆ ನೋಟನ್ನು ತಾನಿಟ್ಟುಕೊಳ್ಳುತ್ತಾಳೆ. ಆಮೇಲೆ ಮನೆಯಲ್ಲೇ ಚಹಾಪುಡಿ ಮಾರಲು ನಿಲ್ಲುತ್ತಾಳೆ. ಕುಲೀನ ಹೆಣ್ಣು ವ್ಯಾಪಾರಕ್ಕಿಳಿಯುವುದು ನಾಚಿಕೆಗೇಡಾದ್ದರಿಂದ ಅವಳ ಪರವಾನಗಿಯ ಪುಟ್ಟ ಹಲಗೆಯನ್ನು ಬಾಗಿಲ ಪಟ್ಟಿಯ ಅಡಿಯಲ್ಲಿ ಯಾರಿಗೂ ಕಾಣದಂತೆ ಹಾಕಲಾಗುತ್ತದೆ. ಪಕ್ಕದ ಅಂಗಡಿಯವನಿಗೆ ನಷ್ಟವಾದೀತೇ ಎಂದು ಮೊದಲೇ ಹೋಗಿ ಕೇಳಿಬರುತ್ತಾಳೆ. ಅವನು ತನ್ನ ಗಿರಾಕಿಗಳನ್ನೇ ಅವಳ ಬಳಿಗೆ ಕಳಿಸುತ್ತಾನೆ. ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಗ್ಯಾಸ್ಕೆಲ್ ಅವಳನ್ನು ಅಂಗಡಿಯಲ್ಲಿ ಉಳಿಯಗೊಡುವುದಿಲ್ಲ. ಎಂದೋ ಮನೆಬಿಟ್ಟು ಹೋದ ತಮ್ಮ ಪೀಟರ್ ಇಂಡಿಯಾದಿಂದ ಹಣದೊಡನೆ ಮರಳಿ ಬರುತ್ತಾನೆ, ಚಹಾದ ಡಬ್ಬಿಗಳು ಒಳಗೆ ಹೋಗುತ್ತವೆ. ಎಷ್ಟು ಪ್ರೀತಿಯಿಂದ ಬರೆದ ಪುಸ್ತಕವಾದರೂ ಇಲ್ಲಿ ನನಗೆ ನಿರಾಸೆಯಾಗುತ್ತದೆ. ಇನ್ನೊಂದು ವರ್ಷ ಅವಳು ಚಹಾ ಮಾರಿದ್ದರೆ ಏನಾಗುತ್ತಿತ್ತು?

ಇಪ್ಪತ್ತನೆಯ ಶತಮಾನಕ್ಕೆ ಬಂದರೂ ದೂರದೇಶದಿಂದ ಹಣ ತರುವ ಈ ಹಡಗು ನಿಲ್ಲಲಿಲ್ಲ. 1929ರಲ್ಲಿ ವರ್ಜೀನಿಯಾ ವುಲ್ಫ್ ತಮ್ಮ ಪ್ರಬಂಧವೊಂದರಲ್ಲಿ, ಬರೆಯುವ ಹೆಣ್ಣಿಗೆ ವರ್ಷಕ್ಕೆ 500 ಪೌಂಡ್ ಮತ್ತು ತನ್ನದೇ ಒಂದು ಕೋಣೆ ಬೇಕೆಂದು ಹೇಳಿದ್ದು ಎಲ್ಲರಿಗೂ ಗೊತ್ತಿದೆ. ಆ 500 ಪೌಂಡ್ ಎಲ್ಲಿಂದ ಬಂತೆಂಬುದು ಅಷ್ಟಾಗಿ ಯಾರಿಗೂ ನೆನಪಿರುವುದಿಲ್ಲ: ಆ ಪ್ರಬಂಧದ ನಿರೂಪಕಿಯ ಸೋದರತ್ತೆ ಬೊಂಬಾಯಿಯಲ್ಲಿ ಗಾಳಿಸವಾರಿಗೆ ಹೋದಾಗ ಕುದುರೆಯಿಂದ ಬಿದ್ದು ಸತ್ತಳು, ಉಯಿಲಿನಲ್ಲಿ ಇದನ್ನು ಬರೆದಿಟ್ಟಿದ್ದಳು. ಮತದಾನದ ಹಕ್ಕಿನ ಸುದ್ದಿಯೂ ಈ ಹಣದ ಸುದ್ದಿಯೂ ಹೆಚ್ಚುಕಡಿಮೆ ಒಟ್ಟಿಗೇ ಬಂದವು, ಎರಡರಲ್ಲಿ ಹಣವೇ ಬಹಳ ಮುಖ್ಯವೆನಿಸಿತು ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಆ ಪ್ರಾಮಾಣಿಕತೆ ನನಗೆ ಮೆಚ್ಚುಗೆಯೇ. ಆದರೆ ಬೊಂಬಾಯಿಯಲ್ಲಿ ಕೂಡಿಬಿದ್ದ ಆ ಹಣ ಯಾರ ಬೆವರೆಂಬ ಪ್ರಶ್ನೆಯನ್ನು, ಇಲ್ಲಿ ಕುಳಿತು ಓದುವ ನಾವಾದರೂ ಕೇಳಬೇಕಲ್ಲವೇ?

ಹಣ ಬೇಡವೆಂದು ಎದ್ದುಹೋದವಳು ಒಬ್ಬಳಿದ್ದಾಳೆ, ಜಾರ್ಜ್ ಎಲಿಯಟ್ ಅವರ ‘ಮಿಡಲ್‌ಮಾರ್ಚ್’ನ ಡೊರೊಥಿಯಾ. ಲ್ಯಾಡಿಸ್ಲಾ ಎಂಬ ತನ್ನ ಬಂಧುವನ್ನು ಅವಳು ಮದುವೆಯಾದರೆ ತನ್ನ ಆಸ್ತಿ ಸಿಗತಕ್ಕದ್ದಲ್ಲವೆಂದು ಸತ್ತ ಗಂಡ ಉಯಿಲಿಗೆ ಸೇರಿಸಿಹೋಗಿದ್ದಾನೆ; ಗೋರಿಯೊಳಗಿಂದಲೂ ಹೆಂಡತಿಯ ಕೈಹಿಡಿದೆಳೆಯುವ ಗಂಡ ಇಂಗ್ಲಿಷ್ ಕಾದಂಬರಿಯಲ್ಲಿ ಇವನಂಥವನು ಇನ್ನೊಬ್ಬನಿಲ್ಲ. ಅವಳು ಆಸ್ತಿಯನ್ನು ಬಿಟ್ಟು ಲ್ಯಾಡಿಸ್ಲಾನನ್ನು ಆರಿಸಿಕೊಳ್ಳುತ್ತಾಳೆ, ತನಗೆ ಬೇಕಾದ್ದು ಸ್ವಲ್ಪವೇ, ಯಾವುದಕ್ಕೆ ಎಷ್ಟು ಬೆಲೆಯೆಂದು ಕಲಿತುಕೊಳ್ಳುತ್ತೇನೆ ಎನ್ನುತ್ತಾಳೆ. ಹಾಗೆ ಹೇಳುವಾಗಲೂ ಅವಳ ಕೈಯಲ್ಲಿ ತಂದೆತಾಯಿಯಿಂದ ಬಂದ ವರ್ಷಕ್ಕೆ 700 ಪೌಂಡ್ ಇತ್ತೆಂಬುದನ್ನು ಎಲಿಯಟ್ ಮರೆಯದೆ ತಿಳಿಸುತ್ತಾರೆ.

ಇಷ್ಟೆಲ್ಲ ಆದ ಮೇಲೂ ನಾವು ಮಾತನಾಡುತ್ತಿರುವುದು ಆಳುಕಾಳು ಇಟ್ಟುಕೊಂಡವರ ವಿಷಯ. ಹೊಲದಲ್ಲಿ ದುಡಿಯುವ ಹೆಣ್ಣನ್ನು ಕಾದಂಬರಿಯ ನಡುಮಧ್ಯಕ್ಕೆ ತಂದವರು 1891ರಲ್ಲಿ ‘ಟೆಸ್’ ಬರೆದ ಥಾಮಸ್ ಹಾರ್ಡಿ. ಹಾಲು ಕರೆದು, ಹಿಮ ಬೀಳುವಾಗ ಗೆಡ್ಡೆ ಕಿತ್ತು, ಒಕ್ಕಣೆ ಯಂತ್ರದ ಮೇಲೆ ನಿಂತು ದುಡಿಯುವ ಟೆಸ್‌ಗೆ ಯಾವ ದ್ವೀಪದಿಂದಲೂ ಉಯಿಲು ಬರುವುದಿಲ್ಲ. ಮದುವೆಯ ರಾತ್ರಿ ಗಂಡ ಹೇಳಿಕೊಂಡ ತಪ್ಪನ್ನು ಅವಳು ಕ್ಷಮಿಸುತ್ತಾಳೆ, ಅವಳು ಹೇಳಿಕೊಂಡದ್ದನ್ನು ಅವನು ಕ್ಷಮಿಸುವುದಿಲ್ಲ.

ಕೂಲಿಯ ಮಾತು ಬಂದದ್ದರಿಂದ ‘ಜೇನ್ ಏರ್’ನ ಇನ್ನೊಂದು ಹೆಣ್ಣನ್ನು ಹೇಳಬೇಕು. ಬರ್ಥಾಳನ್ನು ಕಾಯುವ ಗ್ರೇಸ್ ಪೂಲ್ ಎಂಬ ಕುಡಿತದ ಚಟದ ಹೆಂಗಸಿನ ಸಂಬಳದ ಬಗ್ಗೆ ಕೆಲಸದವರಿಬ್ಬರು ಮಾತನಾಡಿಕೊಳ್ಳುವುದು ಜೇನ್ ಕಿವಿಗೆ ಬೀಳುತ್ತದೆ: ಮಾತನಾಡುತ್ತಿರುವ ಕೆಲಸದವಳ ಸಂಬಳ ಗ್ರೇಸ್‌ಳದರ ಐದನೆಯ ಒಂದು ಪಾಲೂ ಇಲ್ಲ, ಗ್ರೇಸ್ ಮೂರು ತಿಂಗಳಿಗೊಮ್ಮೆ ಮಿಲ್‌ಕೋಟ್‌ನ ಬ್ಯಾಂಕಿಗೆ ಹೋಗಿ ಕಟ್ಟಿಬರುತ್ತಾಳೆ, ಬೇಕೆಂದರೆ ಕೆಲಸ ಬಿಟ್ಟು ಸ್ವತಂತ್ರವಾಗಿ ಬದುಕುವಷ್ಟು ಈಗಾಗಲೇ ಕೂಡಿಟ್ಟಿರಬಹುದು. ಮುಂದೆ ಗುಟ್ಟೆಲ್ಲ ಬಯಲಾದ ಮೇಲೆ ರಾಚೆಸ್ಟರ್ ಆ ಮನೆಯಲ್ಲೇ ತನ್ನ ಹೆಂಡತಿಯನ್ನು ಕಾದುಕೊಂಡಿರಲು ಗ್ರೇಸ್‌ಗೆ ವರ್ಷಕ್ಕೆ 200 ಪೌಂಡ್ ಕೊಡುವೆನೆನ್ನುತ್ತಾನೆ, ಪಾಠ ಹೇಳುವ ಜೇನ್‌ಗೆ ಕೊಡುತ್ತಿದ್ದುದಕ್ಕಿಂತ ಆರು ಪಟ್ಟಿಗೂ ಮಿಕ್ಕಿ. ದುಡಿದ ಹಣದಿಂದಲೇ ತನ್ನ ಕಾಲ ಮೇಲೆ ನಿಲ್ಲಬಲ್ಲವಳು ಆ ಕಾದಂಬರಿಯಲ್ಲಿ ಗ್ರೇಸ್ ಒಬ್ಬಳೇ, ಅವಳ ಕೆಲಸವೋ ಇನ್ನೊಬ್ಬ ಹೆಣ್ಣಿನ ಕೋಣೆಗೆ ಬೀಗ ಹಾಕುವುದು. ಶಾರ್ಲಟ್ ಬ್ರಾಂಟೆ ಇದನ್ನು ತಿಳಿದೇ ಬರೆದರೆಂದು ನನ್ನ ಎಣಿಕೆ, ಏಕೆಂದರೆ ಆ ಸಂಬಳದ ವಿಷಯವನ್ನು ಅವರು ಆಳುಗಳ ಬಾಯಲ್ಲೊಮ್ಮೆ, ಯಜಮಾನನ ಬಾಯಲ್ಲೊಮ್ಮೆ, ಎರಡೆರಡು ಸಲ ಹೇಳಿಸಿದ್ದಾರೆ.